ಮನೆಯಿಂದ ಮೊದಲು ಕಾಲೇಜಿಗೆ ಹೊರಟವರ ಜೊತೆ: ಜನವರಿಯಿಂದ ಸೆಪ್ಟೆಂಬರ್‌ವರೆಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಪೈವಳಿಕೆ, ವರ್ಕಾಡಿ, ಮುಳ್ಳೇರಿಯ ಕಡೆ ಕನ್ನಡ ಶಾಲೆಯಲ್ಲಿ ಓದಿ ಪ್ಲಸ್‌ಟು ಮುಗಿಸುವ ಎಷ್ಟೋ ಮಕ್ಕಳ ಮನೆಯಲ್ಲಿ ಕಾಲೇಜು ಮೆಟ್ಟಿದವರು ಯಾರೂ ಇಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ, ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ. ಮಾರ್ಕು ಇದ್ದೂ ಸೀಟು ಕಳಕೊಂಡ ಮಗುವಿನ ಹಿಂದೆ ಹೋಗಿ ನೋಡಿದರೆ ಕಾರಣ ಬಹಳ ಸಣ್ಣದಿರುತ್ತದೆ. ಒಂದು ತಾರೀಕು ತಪ್ಪಿರುತ್ತದೆ, ಹೆಸರಿನಲ್ಲಿ ಒಂದಕ್ಷರ ಹೊಂದಿರುವುದಿಲ್ಲ, ಮೊಬೈಲಿಗೆ ಬಂದ ಮೆಸೇಜು ಏನು ಹೇಳುತ್ತದೆಂದು ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಓದಿದವರ ಮನೆಯಲ್ಲಿ ಅಕ್ಕನೋ ಚಿಕ್ಕಪ್ಪನೋ ಊಟದ ಹೊತ್ತಿಗೆ ಹೇಳಿಬಿಡುವ ಮಾತನ್ನು ಇವರಿಗೆ ಯಾರಾದರೂ ಕೂತು ಹೇಳಬೇಕು. ಅದನ್ನು ಯಾವ ತಿಂಗಳಲ್ಲಿ, ಯಾವ ಕ್ರಮದಲ್ಲಿ ಮಾಡಿದರೆ ಕೆಲಸ ಕೆಡುವುದಿಲ್ಲ ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆಲಸ ಜನವರಿಯಲ್ಲೇ ಶುರುವಾಗಬೇಕು. ಪ್ಲಸ್‌ಟು ಪರೀಕ್ಷೆ ಮಾರ್ಚಿಗೆ, ಫಲಿತಾಂಶ ಮೇಗೆ. 'ರಿಸಲ್ಟ್ ಬರಲಿ, ಆಮೇಲೆ ನೋಡುವ' ಎಂದು ಕಾದ ಮನೆಗೆ ವೈದ್ಯಕೀಯ, ಇಂಜಿನಿಯರಿಂಗ್ ಮುಂತಾದವಕ್ಕೆ ಬೇಕಾದ ಪ್ರವೇಶ ಪರೀಕ್ಷೆಗಳು, ಅಂದರೆ ನೀಟ್, ಕೇರಳದ ಕೀಮ್, ಕರ್ನಾಟಕದ ಸಿಇಟಿ ಮೂರೂ ಮುಚ್ಚಿಹೋಗಿರುತ್ತವೆ. ಅವುಗಳ ಅರ್ಜಿ ಫಲಿತಾಂಶಕ್ಕೆ ಮೊದಲೇ ತೆರೆದು ಮುಗಿಯುತ್ತದೆ. ಬಿಎ, ಬಿಎಸ್‌ಸಿ, ಬಿಕಾಂಗೆ ಹೋಗುವವರಿಗೆ ಈ ಅವಸರ ಇಲ್ಲ. ಆದರೆ ಅವರ ಕಾಗದಪತ್ರ ಸರಿಮಾಡಲೂ ಎರಡು ಮೂರು ತಿಂಗಳು ಬೇಕು.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಪುಸ್ತಕ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಸರನ್ನು ಅಕ್ಷರ ಅಕ್ಷರವಾಗಿ ಮಗುವಿನ ಕೈಯಲ್ಲೇ ಓದಿಸಬೇಕು. ನಮ್ಮ ಕಡೆ ಈ ತೊಂದರೆ ಸ್ವಲ್ಪ ಹೆಚ್ಚೇ. ಮನೆಯಲ್ಲಿ ತುಳು ಅಥವಾ ಕನ್ನಡದ ಹೆಸರು. ಅದನ್ನು ಒಬ್ಬರು ಕೇಳಿ ಮಲಯಾಳದಲ್ಲಿ ಬರೆದರು, ಇನ್ನೊಬ್ಬರು ಅದರಿಂದ ಇಂಗ್ಲಿಷಿಗೆ ತಂದರು. ಹಾಗಾಗಿ ಐತಪ್ಪ ಎಂಬ ಅಪ್ಪನ ಹೆಸರಿನಲ್ಲಿ ಒಂದು ಕಡೆ 'ಎಚ್' ಇದೆ, ಇನ್ನೊಂದು ಕಡೆ ಇಲ್ಲ. ಸುಮಿತ್ರ ಎಂಬವಳ ಕೊನೆಯಲ್ಲಿ ಒಂದು ಕಡೆ ಒಂದು 'ಎ', ಮತ್ತೊಂದು ಕಡೆ ಎರಡು. ಇನಿಶಿಯಲ್ ಒಂದರಲ್ಲಿ ಹೆಸರಿನ ಹಿಂದೆ, ಒಂದರಲ್ಲಿ ಮುಂದೆ, ಆಧಾರಿನಲ್ಲಿ ಬಿಡಿಸಿ ಬರೆದ ಮನೆ ಹೆಸರು. ಕಣ್ಣಿಗೆ ಇದು ಒಂದೇ ಹೆಸರು. ಕಂಪ್ಯೂಟರಿಗೆ ಇಬ್ಬರು.

ಸರಿಮಾಡುವಾಗ ದಿಕ್ಕು ತಪ್ಪಬಾರದು. ಎಸ್ಸೆಸ್ಸೆಲ್ಸಿಯಲ್ಲಿ ಇದ್ದದ್ದನ್ನೇ ಆಧಾರವಾಗಿ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಎಸ್ಸೆಸ್ಸೆಲ್ಸಿ ತಿದ್ದುಪಡಿ ತಿರುವನಂತಪುರದ ಪರೀಕ್ಷಾ ಭವನಕ್ಕೆ ಹೋಗುವ ವಿಷಯ, ಹೊತ್ತು ಹಿಡಿಯುತ್ತದೆ. ಆಧಾರಿನಲ್ಲಿ ಹೆಸರು ಬದಲಿಸುವುದು ಸುಲಭ. ಆದರೆ ಜೀವಮಾನದಲ್ಲಿ ಎರಡೇ ಸಲ, ಹುಟ್ಟಿದ ತಾರೀಕಾದರೆ ಒಂದೇ ಸಲ. ಆದ್ದರಿಂದ ಆಧಾರ್ ಕೇಂದ್ರದಲ್ಲಿ ಸಹಿ ಹಾಕುವ ಮುಂಚೆ ಪರದೆಯ ಮೇಲಿನ ಅಕ್ಷರವನ್ನು ಎಸ್ಸೆಸ್ಸೆಲ್ಸಿ ಪುಸ್ತಕ ಕೈಯಲ್ಲಿ ಹಿಡಿದೇ ನೋಡಬೇಕು. 'ಇರಲಿ, ನಡೀತದೆ' ಎಂದು ಬಿಟ್ಟರೆ ಆ ಸಲ ವ್ಯರ್ಥ.

ಆಮೇಲೆ ಫೋನು ನಂಬರು. ಇದಕ್ಕೆ ನಾವು ತುಂಬ ಒತ್ತು ಕೊಡುತ್ತೇವೆ. ಅರ್ಜಿಯಲ್ಲಿ ಕೊಟ್ಟ ನಂಬರಿಗೇ ಓಟಿಪಿ, ಅದಕ್ಕೇ ಸೀಟು ಹಂಚಿಕೆಯ, ಅಂದರೆ ಅಲಾಟ್‌ಮೆಂಟಿನ ಸುದ್ದಿ. ಅಣ್ಣನ ನಂಬರು ಕೊಟ್ಟಿದ್ದಾರೆ, ಅಣ್ಣ ದುಬೈಯಲ್ಲಿ ಡ್ಯೂಟಿಯಲ್ಲಿದ್ದಾನೆ. ಇಲ್ಲಿ ಅಕ್ಷಯ ಕೇಂದ್ರದಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವೆಯ ಕೇಂದ್ರ) ಕೂತ ಹುಡುಗಿಗೆ ಹತ್ತು ನಿಮಿಷದಲ್ಲಿ ಓಟಿಪಿ ಬೇಕು. ಇನ್ನೂ ಕೆಟ್ಟದ್ದೆಂದರೆ ಅವಸರದಲ್ಲಿ ಅರ್ಜಿ ತುಂಬಿಸಿದವರ ಸ್ವಂತ ನಂಬರು, ಸ್ವಂತ ಇಮೇಲ್ ಹೋಗಿಬಿಡುವುದು. ಮನೆಯಲ್ಲಿ ಸದಾ ಇರುವ, ರೀಚಾರ್ಜ್ ಮುಗಿಯಲು ಬಿಡದ ಒಂದು ನಂಬರನ್ನು ಗೊತ್ತುಮಾಡಿ, ಅದನ್ನೇ ಆಧಾರಿಗೂ ಬ್ಯಾಂಕಿಗೂ ಎಲ್ಲ ಅರ್ಜಿಗೂ ಕೊಡಬೇಕು. ಇಮೇಲ್ ಮಗುವೇ ತೆರೆಯಲಿ. ಪಾಸ್‌ವರ್ಡುಗಳನ್ನು ಒಂದು ಇನ್ನೂರು ಪುಟದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು, ಪುಸ್ತಕ ಮನೆಯಲ್ಲೇ ಇರಲಿ.

ಬ್ಯಾಂಕ್ ಖಾತೆ ಮಗುವಿನ ಹೆಸರಲ್ಲೇ ಬೇಕು. 'ಆಧಾರ್ ಲಿಂಕ್ ಆಗಿದೆ' ಎಂದು ಬ್ಯಾಂಕಿನವರು ಹೇಳಿದರೆ ಅರ್ಧ ಕೆಲಸ ಆಯಿತು ಎಂದಷ್ಟೇ ತಿಳಿಯಬೇಕು. ಖಾತೆಗೆ ಆಧಾರ್ ನಂಬರು ಜೋಡಿಸುವುದು ಒಂದು. ಸರಕಾರದ ಹಣ ಈ ಖಾತೆಗೇ ಬರಲಿ ಎಂದು ಬ್ಯಾಂಕುಗಳ ನಡುವಿನ ಹಣ ರವಾನೆ ನೋಡುವ ಸಂಸ್ಥೆಯಾದ ಎನ್‌ಪಿಸಿಐಯಲ್ಲಿ ನಮೂದಾಗುವುದು ಬೇರೆ. ಎರಡನೆಯದಕ್ಕೆ ಸೀಡಿಂಗ್ ಅನ್ನುತ್ತಾರೆ. ಸ್ಕಾಲರ್‌ಶಿಪ್ ಮಂಜೂರಾಗಿಯೂ ಹಣ ಬಾರದಿದ್ದರೆ ಮೊದಲು ನೋಡಬೇಕಾದದ್ದು ಇಲ್ಲೇ. ಎರಡು ಖಾತೆ ಇದ್ದವರಿಗೆ ಕೊನೆಗೆ ಸೀಡಿಂಗ್ ಆದ ಖಾತೆಗೆ ಹಣ ಹೋಗುತ್ತದೆ; ಶಾಲೆಯಲ್ಲಿದ್ದಾಗ ತೆರೆದು ಮರೆತ ಖಾತೆಯಲ್ಲಿ ಹಣ ಬಿದ್ದಿರುವುದೂ ಉಂಟು. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕು ಸೀಡ್ ಆಗಿದೆ ಎಂದು ತೋರಿಸುತ್ತದೆ, ಎರಡು ನಿಮಿಷದ ಕೆಲಸ.

ವರಮಾನ, ಜಾತಿ, ನಾನ್ ಕ್ರೀಮಿಲೇಯರ್ (ಹಿಂದುಳಿದ ವರ್ಗದ ಮೇಲಿನ ಸ್ತರದವರಲ್ಲ ಎಂಬುದಕ್ಕೆ), ನೇಟಿವಿಟಿ (ಇಲ್ಲಿಯವರೇ ಎಂಬುದಕ್ಕೆ) ಸರ್ಟಿಫಿಕೇಟುಗಳು ಅಕ್ಷಯದ ಮೂಲಕ ವಿಲೇಜ್ ಆಫೀಸಿಗೆ ಹೋಗುತ್ತವೆ. ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಸರ್ಟಿಫಿಕೇಟು ತಹಶೀಲ್ದಾರರಿಂದ. ಕೇಂದ್ರ ಸರಕಾರದ ಪರೀಕ್ಷೆಗಳಿಗೆ ಬೇಕಾಗುವ ಹಿಂದುಳಿದ ವರ್ಗದ ಸರ್ಟಿಫಿಕೇಟಿನ ನಮೂನೆ ರಾಜ್ಯದ್ದಕ್ಕಿಂತ ಬೇರೆ. ರಾಜ್ಯದ್ದನ್ನೇ ಅಪ್‌ಲೋಡ್ ಮಾಡಿ ತಿರಸ್ಕಾರವಾದ ಮೇಲೆ ಓಡಾಡುವುದಕ್ಕಿಂತ ಅರ್ಜಿ ಹಾಕುವಾಗಲೇ ಯಾವುದಕ್ಕೆ ಎಂದು ಸ್ಪಷ್ಟ ಹೇಳಬೇಕು. ವರಮಾನದ ಸರ್ಟಿಫಿಕೇಟನ್ನು ತೀರ ಬೇಗ ಮಾಡಿಸಿದರೆ ಸ್ಕಾಲರ್‌ಶಿಪ್ ಹೊತ್ತಿಗೆ ಅವಧಿ ಮುಗಿದಿರಬಹುದು. ಅದನ್ನು ಏಪ್ರಿಲಿಗೆ ಬಿಟ್ಟು ಉಳಿದದ್ದನ್ನು ಫೆಬ್ರವರಿಯೊಳಗೆ ಮುಗಿಸುವುದು ಸರಿ. ಮಂಗಳೂರಿಗೆ ಹೋಗುವ ಯೋಚನೆ ಇದ್ದರೆ ಇಂಗ್ಲಿಷಿನಲ್ಲಿರುವ ಪ್ರತಿಯೇ ಬೇಕು.

ಇನ್ನು ಎಲ್ಲಿ ಓದುವುದು ಎಂಬ ಮಾತು. ಇದನ್ನು ಶಾಲೆಯಲ್ಲಿ ಅಲ್ಲ, ಮನೆಯಲ್ಲೇ ಆಡಬೇಕು, ಸಂಜೆ ಅಪ್ಪ ಅಮ್ಮ ಇಬ್ಬರೂ ಇರುವಾಗ. ಅಮ್ಮ ಬೀಡಿಯ ಮೊರ ತೊಡೆಯ ಮೇಲೆ ಇಟ್ಟುಕೊಂಡೇ ಕೇಳುತ್ತಾರೆ: "ಟೀಚರೇ, ಎಷ್ಟು ವರ್ಷ? ದಿನಾ ಹೋಗಿ ಬರ್ಲಿಕ್ಕೆ ಆಗ್ತದಾ?" ಈ ಎರಡು ಪ್ರಶ್ನೆಗೆ ನೇರ ಉತ್ತರ ಬೇಕು. ಸಮಾಧಾನದ ಮಾತಿನಿಂದ ಅವರಿಗೆ ಉಪಕಾರವಿಲ್ಲ.

ಎಷ್ಟು ವರ್ಷ ಎನ್ನುವುದಕ್ಕೆ ಗಡಿಯ ಎರಡು ಬದಿಯಲ್ಲಿ ಎರಡು ಉತ್ತರ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದಿದೆ. ಮೂರನೇ ವರ್ಷದ ಕೊನೆಯಲ್ಲಿ 133 ಕ್ರೆಡಿಟ್ (ಪ್ರತಿ ವಿಷಯದ ಓದಿಗೆ ಸಿಗುವ ಅಂಶಗಳ ಲೆಕ್ಕ) ಮುಗಿಸಿ ಪದವಿ ಪಡೆದು ಹೊರಬರಬಹುದು. ನಾಲ್ಕನೇ ವರ್ಷ ಮುಂದುವರಿದು 177 ಮುಗಿಸಿದರೆ ಆನರ್ಸ್. ನಾಲ್ಕು ವರ್ಷ ಕಡ್ಡಾಯ ಎಂದು ಹೆದರಿ ಗಡಿ ದಾಟುವವರಿದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕು. ಕರ್ನಾಟಕ ಅದೇ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು.

ನಮ್ಮ ಬದಿಯಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜುಗಳು. ವಿದ್ಯಾನಗರದ ಕಾಸರಗೋಡು ಸರಕಾರಿ ಕಾಲೇಜು 1957ರದ್ದು, ಅಲ್ಲಿ ಕನ್ನಡ ವಿಭಾಗವಿದೆ, ಬಿಎ ಮತ್ತು ಎಂಎ ಕನ್ನಡ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು. ಪೊವ್ವಲಿನಲ್ಲಿ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಇದೆ, ಅದು ಮಾತ್ರ ಕಣ್ಣೂರಿನದ್ದಲ್ಲ, ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ್ದು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ವಿಭಾಗವಿದೆ. ಮುಂದೆ ಎಂಎ ಮಾಡುವವರಿಗೆ ಅದು ದೂರದ ಊರಲ್ಲ.

ದಿನಾ ಹೋಗಿಬರುವ ಲೆಕ್ಕವನ್ನು ಬಾಯಲ್ಲಿ ಹೇಳದೆ ಒಂದು ದಿನ ಮಾಡಿಯೇ ನೋಡಬೇಕು. ಬೆಳಗ್ಗೆ ಮನೆಯಿಂದ ಹೊರಟು, ಎರಡು ಬಸ್ಸು ಬದಲಿಸಿ, ಕಾಲೇಜಿನ ಗೇಟಿಗೆ ಎಷ್ಟು ಗಂಟೆಗೆ ಮುಟ್ಟಿದರು, ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಮಗು ಬರೆದು ತರಲಿ. ಜೊತೆಗೆ ಅಪ್ಪನೋ ಅಮ್ಮನೋ ಹೋದರೆ ಒಳ್ಳೆಯದು. ಕಾಲೇಜು ನೋಡಿ ಬಂದ ಅಮ್ಮ ಆಮೇಲೆ ಬೇಡ ಅನ್ನುವುದು ಕಮ್ಮಿ. ಇದನ್ನು ಶಾಲೆಗೆ ರಜೆ ಇರುವ ದಿನ ಮಾಡಿದರೆ ಬಸ್ಸಿನಲ್ಲಿ ಮಕ್ಕಳಿಲ್ಲದ ಕಾರಣ ಲೆಕ್ಕ ತಪ್ಪುತ್ತದೆ, ವಾರದ ನಡುವಿನ ದಿನವೇ ಆಗಬೇಕು. ರೈಲಿನ ದಾರಿಯಲ್ಲಿ ಮನೆ ಇದ್ದರೆ ಸೀಸನ್ ಟಿಕೆಟ್ ಎಲ್ಲಕ್ಕಿಂತ ಅಗ್ಗ. ವಿದ್ಯಾರ್ಥಿಗಳಿಗೆ ಅದರಲ್ಲಿ ಅರ್ಧ ರಿಯಾಯಿತಿ. ಪದವಿವರೆಗೆ ಓದುವ ಹೆಣ್ಣುಮಕ್ಕಳಿಗೆ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ಮಾಸಿಕ ಪಾಸು ಉಚಿತ. ಕಾಲೇಜಿನ ಪ್ರಿನ್ಸಿಪಾಲರ ಪತ್ರ ಬೇಕು. ಈ ಒಂದು ವಿಷಯ ಗೊತ್ತಿಲ್ಲದೆ ಮಂಗಳೂರು ಬೇಡ ಎಂದ ಮನೆಗಳಿವೆ.

ಮೇಯಲ್ಲಿ ಫಲಿತಾಂಶ ಬಂದ ಮೇಲೆ ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ ಅರ್ಜಿ, ಅಂದರೆ ಅದರ ಕಾಲೇಜುಗಳಿಗೆಲ್ಲ ಒಂದೇ ಅರ್ಜಿ. ಇದರಲ್ಲಿ ಆಪ್ಶನ್ ಕೊಡುವುದೇ (ಬೇಕಾದ ಕಾಲೇಜು, ಕೋರ್ಸನ್ನು ಇಷ್ಟದ ಕ್ರಮದಲ್ಲಿ ಬರೆಯುವುದು) ಮುಖ್ಯ, ಹೆಚ್ಚಿನ ತಪ್ಪು ಆಗುವುದೂ ಅಲ್ಲಿಯೇ. ಕಂಪ್ಯೂಟರಿನ ಮುಂದೆ ಕೂತು ಆಪ್ಶನ್ ಯೋಚಿಸಬಾರದು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯನ್ನು ಚೀಟಿಗಳಾಗಿ ಕತ್ತರಿಸಿ, ಒಂದೊಂದರಲ್ಲಿ ಒಂದು ಕಾಲೇಜು, ಒಂದು ಕೋರ್ಸು ಬರೆಯಬೇಕು. 'ಮಂಜೇಶ್ವರ, ಬಿಕಾಂ' ಒಂದು ಚೀಟಿ. 'ಕಾಸರಗೋಡು, ಬಿಎ ಕನ್ನಡ' ಇನ್ನೊಂದು. ಬೆಂಚಿನ ಮೇಲೆ ಹರಡಿ ಮಗುವಿನ ಹತ್ತಿರ ಮೇಲಿಂದ ಕೆಳಗೆ ಜೋಡಿಸಲು ಹೇಳುವುದು. ಮೊದಲ ಸಲ ಜೋಡಿಸಿದಾಗ ಬಹುತೇಕ ಮಕ್ಕಳು ಸಿಗಬಹುದು ಎಂದು ತೋರುವುದನ್ನು ಮೇಲೆ ಇಡುತ್ತಾರೆ, ಆಸೆಯದ್ದನ್ನು ಕೆಳಗೆ. "ಇದು ನಂಗೆ ಸಿಗ್ಲಿಕ್ಕಿಲ್ಲ ಸರ್" ಎಂಬ ಸಂಕೋಚ. ಆಗ ಯಂತ್ರ ಹೇಗೆ ನೋಡುತ್ತದೆ ಎಂದು ತೋರಿಸಬೇಕು. ಅದು ಮೇಲಿನ ಚೀಟಿಯಿಂದ ಇಳಿಯುತ್ತ ಬರುತ್ತದೆ, ರ‍್ಯಾಂಕು ಎಟುಕುವ ಮೊದಲ ಚೀಟಿಯಲ್ಲಿ ನಿಲ್ಲುತ್ತದೆ. ಮೇಲೆ ದೊಡ್ಡ ಆಸೆ ಇಟ್ಟದ್ದರಿಂದ ಕೆಳಗಿನದರ ಅವಕಾಶ ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಸಿಗುವುದನ್ನೇ ಮೇಲಿಟ್ಟರೆ ಮಾತ್ರ ಅಲ್ಲೇ ನಿಂತು, ಅದರ ಕೆಳಗಿರುವ ಆಸೆಯ ಕೋರ್ಸನ್ನು ಅದು ನೋಡುವುದೇ ಇಲ್ಲ. ಇಷ್ಟು ಹೇಳಿ ಚೀಟಿಗಳನ್ನು ಮತ್ತೆ ಕಲಸಿ ಕೊಟ್ಟರೆ ಎರಡನೇ ಸಲದ ಸಾಲು ಬೇರೆಯೇ ಆಗಿರುತ್ತದೆ.

ಇನ್ನೊಂದು ನಿಯಮ: ಸಿಕ್ಕಿದರೂ ಸೇರಲು ಮನಸ್ಸಿಲ್ಲದ್ದನ್ನು ಚೀಟಿಯಲ್ಲಿ ಬರೆಯಲೇಬಾರದು. ಬಸ್ಸಿಲ್ಲದ ಊರಿನ ಕಾಲೇಜನ್ನು 'ಇರಲಿ' ಎಂದು ಕೊನೆಗೆ ಸೇರಿಸಿದರೆ ಅದೇ ಬರಬಹುದು.

ಟ್ರಯಲ್ ಅಲಾಟ್‌ಮೆಂಟ್ ಬಂದಾಗ ಅದನ್ನು ಸೀಟು ಎಂದು ತಿಳಿದು ಮನೆಯಲ್ಲಿ ಸಿಹಿ ಹಂಚುವುದೂ ಉಂಟು, ಏನೂ ಬರಲಿಲ್ಲ ಎಂದು ಅಳುವುದೂ ಉಂಟು. ಅದು ಅರ್ಜಿಯ ತಪ್ಪು ತಿದ್ದಲು ಕೊಟ್ಟ ಅವಕಾಶ ಅಷ್ಟೆ. ಮಾರ್ಕು, ಜಾತಿ ವಿಭಾಗ, ಎನ್ನೆಸ್ಸೆಸ್ ಅಥವಾ ಎನ್‌ಸಿಸಿ ವೆಯ್ಟೇಜ್ ಸರಿ ಬಂದಿದೆಯೇ ಎಂದು ಆಗಲೇ ನೋಡಬೇಕು. ನಿಜವಾದ ಅಲಾಟ್‌ಮೆಂಟ್ ಬಂದ ದಿನದಿಂದ ಗಡುವು ಓಡುತ್ತದೆ. ಹೇಳಿದ ದಿನದೊಳಗೆ ಆನ್‌ಲೈನಿನಲ್ಲಿ ಶುಲ್ಕ ಕಟ್ಟದಿದ್ದರೆ ಆ ಸೀಟೂ ಹೋಗುತ್ತದೆ, ಮುಂದಿನ ಅಲಾಟ್‌ಮೆಂಟಿನ ಹಕ್ಕೂ ಹೋಗುತ್ತದೆ. 'ಇದು ಬೇಡ, ಮುಂದಿನದರಲ್ಲಿ ಒಳ್ಳೆಯದು ಬರಲಿ' ಎಂದು ಸುಮ್ಮನೆ ಕೂತವರು ಹೀಗೆ ಹೊರಗೆ ಬೀಳುತ್ತಾರೆ. ಶುಲ್ಕ ಕಟ್ಟಿ ಕಾಯಬೇಕು. ಸಿಕ್ಕಿದ್ದರಲ್ಲೇ ತೃಪ್ತಿ ಇದ್ದರೆ ಮೇಲಿನ ಆಪ್ಶನ್‌ಗಳನ್ನು ರದ್ದು ಮಾಡಬೇಕು. ಮಾಡದಿದ್ದರೆ ಮುಂದಿನ ಸುತ್ತಿನಲ್ಲಿ ತಾನಾಗಿ ಮೇಲಿನದಕ್ಕೆ ಹೋಗುತ್ತದೆ, ಮೊದಲಿನದು ಮತ್ತೆ ಸಿಗುವುದಿಲ್ಲ. ಅನುದಾನಿತ ಕಾಲೇಜಿನ ಮ್ಯಾನೇಜ್‌ಮೆಂಟ್ ಅಥವಾ ಸಮುದಾಯ ಸೀಟಿಗೆ ಕಾಲೇಜಿನಲ್ಲೇ ಬೇರೆ ಅರ್ಜಿ ಕೊಡಬೇಕು, ಆದರೆ ವಿಶ್ವವಿದ್ಯಾಲಯದ ನೋಂದಣಿ ಇದ್ದರೆ ಮಾತ್ರ.

ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವವರ ದಾರಿ ಬೇರೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಅರ್ಹತೆಯ ಬೇರೆ ಕಲಮು ಇದೆ: ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ವಾಸ ಮತ್ತು ಓದಿನ ದಾಖಲೆ ಇರುವವರಿಗೆ. ಅರ್ಜಿಯಲ್ಲಿ ಈ ಕಲಮನ್ನೇ ಆರಿಸಬೇಕು. ಅದನ್ನು ಬಿಟ್ಟು ಬೇರೆ ಕಲಮು ಒತ್ತಿದವರು ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ಇವರು 50 ಅಂಕದ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರಿಗೆ ಅದು ಏನೇನೂ ಕಷ್ಟವಿಲ್ಲ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಕನ್ನಡ ಬರೆಯುವುದು ಬಿಟ್ಟ ಮಕ್ಕಳಿಗೆ ಎರಡು ವಾರ ಕಾಗುಣಿತ, ಒತ್ತಕ್ಷರ, ಸಣ್ಣ ಪತ್ರ ಬರೆಸಿದರೆ ಸಾಕು. ಪರೀಕ್ಷೆಗೆ ಹಾಜರಾಗದೆ ಇದ್ದರೆ ಮಾತ್ರ ಉಳಿದ ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ.

ಮಂಗಳೂರಿನ ಪದವಿ ಕಾಲೇಜಿಗೆ ಸೇರುವಾಗ ಟಿಸಿ ಜೊತೆಗೆ ಮೈಗ್ರೇಶನ್ ಸರ್ಟಿಫಿಕೇಟು ಕೇಳುತ್ತಾರೆ. ಕರ್ನಾಟಕದ ಎಸ್‌ಎಸ್‌ಪಿ ವಿದ್ಯಾರ್ಥಿವೇತನ ಆ ರಾಜ್ಯದ ನಿವಾಸಿಗಳಿಗೆ. ಮಂಗಳೂರಿನಲ್ಲಿ ಓದುವ ಕಾಸರಗೋಡಿನ ಮಗುವಿಗೆ ಅದು ಸಿಗುವುದಿಲ್ಲ ಎಂಬುದನ್ನು ಖರ್ಚಿನ ಲೆಕ್ಕ ಹಾಕುವಾಗಲೇ ಹೇಳಬೇಕು, ಸೇರಿದ ಮೇಲಲ್ಲ.

ನರ್ಸಿಂಗಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಮೇ, ಜೂನಿನಲ್ಲಿ ಮನೆಮನೆಗೆ ಏಜೆಂಟರು ಬರುತ್ತಾರೆ. 'ಮೊದಲ ಕಂತು ಕೊಡಿ, ಒರಿಜಿನಲ್ ಸರ್ಟಿಫಿಕೇಟು ಕೊಡಿ, ಉಳಿದದ್ದು ಬ್ಯಾಂಕ್ ಸಾಲ ನಾವೇ ಮಾಡಿಸುತ್ತೇವೆ.' ಕಾಲೇಜು ಯಾವ ವಿಶ್ವವಿದ್ಯಾಲಯದ್ದು, ರಾಜ್ಯದ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಈ ವರ್ಷ ಇದೆಯೇ ಎಂದು ನೋಡದೆ ಒಂದು ರೂಪಾಯಿ ಕೊಡಬಾರದು. ಕೊಟ್ಟ ಹಣಕ್ಕೆ ಕಾಲೇಜಿನ ಹೆಸರಿನ ರಸೀದಿ ಬೇಕು, ಏಜೆಂಟರ ಚೀಟಿ ಆಗದು. ಪದವಿ ಕಾಲೇಜುಗಳ ವಿಷಯದಲ್ಲಿ ಯುಜಿಸಿ 2018ರಲ್ಲೇ ಸ್ಪಷ್ಟ ಹೇಳಿದೆ: ಒರಿಜಿನಲ್ ಸರ್ಟಿಫಿಕೇಟುಗಳನ್ನು ನೋಡಿ ಹಿಂದೆ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಸೀಟು ಬಿಟ್ಟರೆ ಶುಲ್ಕ ಎಷ್ಟು ವಾಪಸು ಎಂಬುದಕ್ಕೂ ಅದೇ 2018ರ ಆದೇಶದಲ್ಲಿ ಲೆಕ್ಕವಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಇರುವಾಗಲೇ ಬಿಟ್ಟರೆ ಪೂರ್ತಿ (ಕಚೇರಿ ಖರ್ಚು ಸ್ವಲ್ಪ ಮುರಿಯಬಹುದು), ಅದಕ್ಕಿಂತ ತಡವಾಗಿ ಆದರೆ ಕೊನೆಯ ದಿನದೊಳಗೆ ಬಿಟ್ಟರೆ 90 ಶೇಕಡ, ಕೊನೆಯ ದಿನ ಕಳೆದು 15 ದಿನದೊಳಗೆ 80, 30 ದಿನದೊಳಗೆ 50, ಆಮೇಲೆ ಇಲ್ಲ. ಬಿಡುವುದಾದರೆ ಬಾಯಿಮಾತು ಸಾಲದು. ಅರ್ಜಿ ಬರೆದುಕೊಟ್ಟು ಅದರ ಪ್ರತಿಗೆ ತಾರೀಕು, ಸೀಲು ಹಾಕಿಸಿಕೊಳ್ಳಬೇಕು.

ಅರ್ಜಿಗಳ ಈ ತಿಂಗಳುಗಳಲ್ಲೇ ಪಕ್ಕದಲ್ಲಿ ಇನ್ನೊಂದು ಕೆಲಸ ನಡೆಯಬೇಕು, ಅದು ಭಾಷೆಯದ್ದು. ಹತ್ತರವರೆಗೆ ಕನ್ನಡ, ಪ್ಲಸ್‌ವನ್‌ನಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ, ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಮತ್ತು ವಿವರಣೆ ಮಲಯಾಳದಲ್ಲಿ. ಮನೆಮಾತು ತುಳುವೋ ಹವ್ಯಕವೋ ಮರಾಠಿಯೋ ಇರುತ್ತದೆ. ವಿಷಯ ಗೊತ್ತಿದ್ದೂ ಪದ ಗೊತ್ತಿಲ್ಲದೆ ಮಗು ಸುಮ್ಮನಾಗುತ್ತದೆ. ಅಧ್ಯಾಪಕರು ಅದನ್ನು ದಡ್ಡತನ ಎಂದುಕೊಳ್ಳುತ್ತಾರೆ. ಏಪ್ರಿಲಿನಿಂದ ಜೂನಿನವರೆಗೆ ಒಂದು ನೋಟುಬುಕ್ಕಿನಲ್ಲಿ ಮೂರು ಸಾಲು ಗೆರೆ ಹಾಕಿಸುತ್ತೇವೆ. ಮೊದಲನೆಯದರಲ್ಲಿ ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ, ಎರಡನೆಯದರಲ್ಲಿ ಇಂಗ್ಲಿಷ್ ಪದ, ಮೂರನೆಯದರಲ್ಲಿ ತನ್ನದೇ ಒಂದು ಉದಾಹರಣೆ. ಸವಕಳಿ, ಡಿಪ್ರಿಸಿಯೇಶನ್, 'ಅಪ್ಪನ ಕಾಡುಕಡಿಯುವ ಮೆಶಿನಿನ ಬೆಲೆ ವರ್ಷ ವರ್ಷ ಇಳಿಯುವುದು.' ವೇಗೋತ್ಕರ್ಷ, ಆಕ್ಸಿಲರೇಶನ್, 'ಇಳಿಜಾರಿನಲ್ಲಿ ಬಿಟ್ಟ ಸೈಕಲ್.' ದಿನಕ್ಕೆ ಹತ್ತು ಪದ ಸಾಕು. ಮೂರನೇ ಸಾಲು ಖಾಲಿ ಬಿಟ್ಟವರಿಗೆ ಪದ ನಿಲ್ಲುವುದಿಲ್ಲ, ಅದನ್ನು ತುಂಬಿಸಲೇಬೇಕು. ಕಾಲೇಜಿನ ಭಾಷೆಯ ಪದಗಳನ್ನೂ ಇದರಲ್ಲೇ ಬರೆಸಬೇಕು: ಮೇಜರ್, ಮೈನರ್, ಕ್ರೆಡಿಟ್, ಇಂಟರ್ನಲ್, ಅಸೈನ್‌ಮೆಂಟ್, ಕಂಡೋನೇಶನ್ (ಹಾಜರಿ ಕಮ್ಮಿಯಾದವರಿಗೆ ಕೊಡುವ ವಿನಾಯಿತಿ). ಮೈನರ್ ಎಂದರೆ ಮುಖ್ಯವಲ್ಲದ ವಿಷಯ, ಓದದಿದ್ದರೂ ಆಗುತ್ತದೆ ಎಂದುಕೊಂಡ ಮಗು ಕ್ರೆಡಿಟ್ ಕಳಕೊಳ್ಳುತ್ತದೆ.

ಸೇರುವ ದಿನದ ಫೈಲಿನಲ್ಲಿ ಕಾಗದಗಳು ಕೇಳುವ ಕ್ರಮದಲ್ಲೇ ಇರಲಿ: ಅಲಾಟ್‌ಮೆಂಟ್ ಮೆಮೊ, ಶುಲ್ಕದ ರಸೀದಿ, ಎಸ್ಸೆಸ್ಸೆಲ್ಸಿ, ಪ್ಲಸ್‌ಟು ಮಾರ್ಕ್‌ಲಿಸ್ಟ್, ಟಿಸಿ, ನಡತೆ ಪತ್ರ, ಜಾತಿ ಮತ್ತು ವರಮಾನದ ಸರ್ಟಿಫಿಕೇಟು, ಆಧಾರ್, ಪಾಸ್‌ಬುಕ್. ಎಲ್ಲದರ ಮೂರು ಮೂರು ಜೆರಾಕ್ಸ್, ಆರು ಫೋಟೊ. ಟಿಸಿ ಕೊಟ್ಟರೆ ತಿರುಗಿ ಕೈಗೆ ಬರುವುದಿಲ್ಲ, ಅದರ ಪ್ರತಿ ಮನೆಯಲ್ಲಿ ಉಳಿಯಲೇಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಇ-ಗ್ರಾಂಟ್ಸ್ (ಶುಲ್ಕವನ್ನು ಸರಕಾರವೇ ಕೊಡುವ) ಸೌಲಭ್ಯದವರೆಂದು ಕೌಂಟರಿನಲ್ಲಿ ಮೊದಲೇ ಹೇಳಬೇಕು. ಹೇಳದೆ ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ ವಾಪಸು ಪಡೆಯುವುದು ಉದ್ದದ ದಾರಿ. ರ‍್ಯಾಗಿಂಗ್ ವಿರುದ್ಧದ ಮುಚ್ಚಳಿಕೆಗೆ ಹೆತ್ತವರ ಸಹಿಯೂ ಬೇಕು. ಅಪ್ಪ ಹೆಬ್ಬೆಟ್ಟು ಒತ್ತುವವರಾದರೆ ಅದಕ್ಕೆ ನಾಚಬೇಕಾಗಿಲ್ಲ ಎಂದು ಹಿಂದಿನ ದಿನವೇ ಮನೆಯಲ್ಲಿ ಹೇಳಿಡುವುದು ಒಳ್ಳೆಯದು. ಹೆಬ್ಬೆಟ್ಟಿಗೆ ನಾಚಿ ಕಾಲೇಜಿಗೆ ಬಾರದೆ ಉಳಿದ ಅಪ್ಪಂದಿರಿದ್ದಾರೆ.

ಸೇರಿದ ಮೇಲಿನ ಮೊದಲ ಎಂಟು ವಾರ ವಾರಕ್ಕೊಂದು ಫೋನು ಮಾಡಬೇಕು. 'ಹೇಗಿದ್ದೀ' ಎಂದರೆ 'ಹುಷಾರಾಗಿದ್ದೇನೆ ಟೀಚರ್' ಎಂಬುದೇ ಉತ್ತರ. ಅದರ ಬದಲು: ಈ ವಾರ ಎಷ್ಟು ಅವರ್ ತಪ್ಪಿತು? ಯಾವ ಅಸೈನ್‌ಮೆಂಟ್ ಬಾಕಿ? ಯಾವ ಮಿಸ್ಸಿನ ಪಾಠ ತಿಳಿಯುವುದಿಲ್ಲ? ಹೀಗೆ ಕೇಳಬೇಕು. ನಾಲ್ಕು ವರ್ಷದ ಪದವಿಯಲ್ಲಿ 100ರಲ್ಲಿ 30 ಅಂಕ ಕಾಲೇಜಿನೊಳಗಿನ ಮೌಲ್ಯಮಾಪನದ್ದು, ಉಳಿದ 70 ಪರೀಕ್ಷೆಯದ್ದು. ಅಡಿಕೆ ಕೊಯ್ಲಿಗೋ ಮನೆಯ ಕೋಲಕ್ಕೋ ತಂಗಿಯ ಜ್ವರಕ್ಕೋ ರಜೆ ಹಾಕುತ್ತ ಹೋದವರಿಗೆ ಆ 30 ಕೈತಪ್ಪುವುದು ಗೊತ್ತೇ ಆಗುವುದಿಲ್ಲ. ಕಾಯಿಲೆಯಾದರೆ ಡಾಕ್ಟರ ಚೀಟಿಯನ್ನು ಅದೇ ವಾರ ಕೊಡಬೇಕು, ಸೆಮಿಸ್ಟರಿನ ಕೊನೆಗಲ್ಲ.

ಸ್ಕಾಲರ್‌ಶಿಪ್ಪಿನ ಹೊತ್ತು ಇದೇ. ಪ್ಲಸ್‌ಟುನಲ್ಲಿ ತಮ್ಮ ಬೋರ್ಡಿನ ಮೇಲಿನ 20 ಶೇಕಡದೊಳಗೆ ಬಂದು, ಮನೆಯ ವಾರ್ಷಿಕ ವರಮಾನ 4.5 ಲಕ್ಷದೊಳಗೆ ಇರುವವರು ರಾಷ್ಟ್ರೀಯ ಪೋರ್ಟಲಿನಲ್ಲಿ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಆಯ್ಕೆಯಾದರೆ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಕೇರಳದ ಉನ್ನತ ಶಿಕ್ಷಣ ಪರಿಷತ್ತಿನದ್ದು ಮೊದಲ ವರ್ಷ 12,000, ಎರಡನೇ ವರ್ಷ 18,000, ಮೂರನೇ ವರ್ಷ 24,000. ರಾಷ್ಟ್ರೀಯ ಪೋರ್ಟಲಿನಲ್ಲಿ ಮೊದಲು ಒಂದು ಸಲದ ನೋಂದಣಿ ಮಾಡಬೇಕು, ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣ ಕೊಡಬೇಕು. ಹೆಂಚಿನ ಮಾಡಿನ ಒಳಕೋಣೆಯ ಬೆಳಕು ಅದಕ್ಕೆ ಸಾಲದು, ಜಗಲಿಗೆ ಬಂದು ಹಗಲಲ್ಲಿ ಮಾಡಿದರೆ ಒಂದೇ ಸಲಕ್ಕೆ ಆಗುತ್ತದೆ. ಅರ್ಜಿ ಸಲ್ಲಿಸಿದೊಡನೆ ಕೆಲಸ ಮುಗಿಯಿತು ಎಂದು ಮಕ್ಕಳು ತಿಳಿಯುತ್ತಾರೆ. ಕಾಲೇಜಿನವರು ಅದನ್ನು ಪೋರ್ಟಲಿನಲ್ಲಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅಲ್ಲಿಗೇ ನಿಂತಿರುತ್ತದೆ. ಪ್ರಿಂಟ್ ತೆಗೆದು, ವರಮಾನದ ಸರ್ಟಿಫಿಕೇಟು ಮತ್ತು ಮಾರ್ಕ್‌ಲಿಸ್ಟ್ ಲಗತ್ತಿಸಿ, ಸ್ಕಾಲರ್‌ಶಿಪ್ ನೋಡುವ ಅಧ್ಯಾಪಕರ ಕೈಗೇ ಕೊಡಬೇಕು. ಹತ್ತು ದಿನ ಬಿಟ್ಟು ಸ್ಟೇಟಸ್ ನೋಡಿದಾಗ 'ಡಿಫೆಕ್ಟ್' ಎಂದು ಬಂದಿದ್ದರೆ ಅರ್ಜಿ ಹಿಂದೆ ಬಂದಿದೆ ಎಂದರ್ಥ. ತಿದ್ದಿ ಮತ್ತೆ ಕಳಿಸಲು ಕೆಲವೇ ದಿನ ಇರುತ್ತದೆ.